ಹಳೆಯ ಮೌಂಟನ್ ಬೈಕಿನ ಗೇರು ಚಿಕ್ಕ ಚಕ್ರಕ್ಕೆ ಇಳಿಯದಿದ್ದರೆ ಮೊದಲು ಕೇಬಲ್ ನೋಡಿ

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಹನ್ನೆರಡು ವರ್ಷ ಹಳೆಯದಾದ 21 ಗೇರಿನ ಮೌಂಟನ್ ಬೈಕಿನಲ್ಲಿ ಹಿಂದಿನ ಗೇರು ದೊಡ್ಡ ಹಲ್ಲುಚಕ್ರಕ್ಕೆ ಸರಿಯಾಗಿಯೇ ಏರುತ್ತದೆ, ಆದರೆ ಚಿಕ್ಕದಕ್ಕೆ ಇಳಿಯುವಾಗ ತಡಮಾಡುತ್ತದೆ, ಮತ್ತೊಂದು ಕ್ಲಿಕ್ ಮಾಡಿದರೆ ಒಮ್ಮೆಲೇ ಎರಡು ಗೇರು ಇಳಿದುಬಿಡುತ್ತದೆ. ಅಂಗಡಿಯಲ್ಲಿ ಸ್ಕ್ರೂ ತಿರುಗಿಸಿ ಮಾಡಿದ ರಿಪೇರಿ ಎರಡೇ ದಿನ ಬಾಳಿತು. ಡಿರೇಲರನ್ನೇ, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗವನ್ನೇ, ಬದಲಿಸಬೇಕೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ನೀವು ಬರೆದ ಲಕ್ಷಣಗಳೆಲ್ಲ ಕೇಬಲ್ಲಿನ ಕಡೆಗೇ ಬೆರಳು ತೋರಿಸುತ್ತಿವೆ.

ಚೈನನ್ನು ದೊಡ್ಡ ಚಕ್ರಕ್ಕೆ ಏರಿಸುವುದು ನಿಮ್ಮ ಹೆಬ್ಬೆರಳು. ಚಿಕ್ಕದಕ್ಕೆ ಇಳಿಸುವುದು ಡಿರೇಲರಿನೊಳಗಿನ ಸ್ಪ್ರಿಂಗು. ಕೇಬಲ್ ಎಲ್ಲೋ ತುಕ್ಕು ಹಿಡಿದು ಬಿಗಿಯಾಗಿದ್ದರೂ ಹೆಬ್ಬೆರಳು ಸ್ವಲ್ಪ ಹೆಚ್ಚು ಒತ್ತಿ ಕೆಲಸ ಮಾಡಿಸಿಬಿಡುತ್ತದೆ, ಸ್ಪ್ರಿಂಗಿಗೆ ಆ ಹೆಚ್ಚುವರಿ ಬಲ ಇಲ್ಲ. ಹಾಗಾಗಿ ಏರುವಾಗ ಸರಿ, ಇಳಿಯುವಾಗ ತಡ ಎಂದರೆ ಅದು ಹೊಂದಾಣಿಕೆಯ ದೋಷಕ್ಕಿಂತ ಹೆಚ್ಚಾಗಿ ಘರ್ಷಣೆಯ ದೋಷ. ಇದರ ಅಳತೆಯೂ ಬಹಳ ಸೂಕ್ಷ್ಮ: ನಿಮ್ಮದರಂತೆ ಹಿಂದೆ ಏಳು ಹಲ್ಲುಚಕ್ರಗಳಿರುವ ಶಿಮಾನೊ ಕಂಪನಿಯ ವ್ಯವಸ್ಥೆಯಲ್ಲಿ ಒಂದು ಕ್ಲಿಕ್ಕಿಗೆ ಕೇಬಲ್ ಸರಿಯುವುದು ಸುಮಾರು 2.9 ಮಿಲಿಮೀಟರ್, ಡಿರೇಲರ್ ಅದರ 1.7 ಪಟ್ಟು, ಅಂದರೆ ಚಕ್ರದಿಂದ ಚಕ್ರಕ್ಕಿರುವ ಸುಮಾರು 5 ಮಿಲಿಮೀಟರ್ ದೂರವನ್ನು ದಾಟುತ್ತದೆ. ಕೇಬಲ್ ಅರ್ಧ ಮಿಲಿಮೀಟರ್ ಹಿಂದುಳಿದರೂ ಚೈನು ಎರಡು ಚಕ್ರಗಳ ನಡುವೆ ತೂಗಾಡುತ್ತದೆ.

ಪರೀಕ್ಷಿಸಲು ಯಾವ ಉಪಕರಣವೂ ಬೇಡ. ಹಿಂದಿನ ಚಕ್ರವನ್ನು ಎತ್ತಿ ಹಿಡಿದು, ಪೆಡಲ್ ತಿರುಗಿಸುತ್ತ ಚೈನನ್ನು ಅತಿ ದೊಡ್ಡ ಹಲ್ಲುಚಕ್ರಕ್ಕೆ ತನ್ನಿ. ಅನಂತರ ಪೆಡಲನ್ನು ಮುಟ್ಟದೆ ಶಿಫ್ಟರನ್ನು (ಹ್ಯಾಂಡಲಿನ ಮೇಲೆ ಗೇರು ಬದಲಿಸುವ ಭಾಗ) ಮಾತ್ರ ಕೊನೆಯ ಗೇರಿನವರೆಗೂ ಕ್ಲಿಕ್ ಮಾಡಿಬಿಡಿ. ಚೈನು ಮೇಲೇ ಉಳಿಯುವುದರಿಂದ ಕೇಬಲ್ ಜೋತುಬೀಳುತ್ತದೆ. ಕೇಬಲನ್ನು ಹಿಡಿದಿಡುವ ಫ್ರೇಮಿನ ಹಿಡಿಕೆಗಳಲ್ಲಿ ಸೀಳು ಇದ್ದರೆ ಔಟರನ್ನು (ತಂತಿಯ ಹೊರಗಿನ ಕೊಳವೆ) ಅಲ್ಲಿಂದ ಕೈಯಲ್ಲೇ ಕಳಚಬಹುದು. ಈಗ ಔಟರನ್ನು ತಂತಿಯ ಮೇಲೆ ಹಿಂದೆ ಮುಂದೆ ಸರಿಸಿ ನೋಡಿ. ದಾರದ ಮೇಲೆ ಮಣಿ ಜಾರಿದಂತೆ ಜಾರಬೇಕು. ಮರಳು ಸವರಿದಂತೆ ಕರಕರ ಎಂದರೆ ಕಳ್ಳ ಸಿಕ್ಕಂತೆಯೇ.

ಸಾಮಾನ್ಯವಾಗಿ ಸಿಗುವುದು ಹಿಂದಿನ ಚಕ್ರದ ಬಳಿ ಕಮಾನಿನಂತೆ ಬಾಗಿರುವ ಕೊನೆಯ ತುಂಡಿನಲ್ಲಿ. ಮೈಸೂರಿನಲ್ಲಿ ನಾನು ಇಟ್ಟುಕೊಂಡಿರುವ ಹಳೆಯ ಉಕ್ಕಿನ ಫ್ರೇಮಿನ ಸೈಕಲ್ಲು ಚಾಮುಂಡಿ ಬೆಟ್ಟದ ಏರಿನಲ್ಲಿ ಹೀಗೆಯೇ ಸತಾಯಿಸುತ್ತಿತ್ತು. ಎರಡು ಮಳೆಗಾಲ ಕಂಡಿದ್ದ ಆ ತುಂಡನ್ನು ಬಿಚ್ಚಿ ತಲೆಕೆಳಗೆ ಹಿಡಿದಾಗ ಚಹಾದ ಬಣ್ಣದ ನಾಲ್ಕು ಹನಿ ನೀರು ನೆಲಕ್ಕೆ ಬಿತ್ತು. ಅದಕ್ಕಿಂತ ಹೆಚ್ಚು ಬೇಸರ ತಂದದ್ದು ಬೇರೆ: ಹಿಂದೊಮ್ಮೆ ಕೇಬಲ್ ಬದಲಿಸಿದ್ದ ಅಂಗಡಿಯವರು ಅಲ್ಲಿ ಬ್ರೇಕಿನ ಔಟರನ್ನೇ ತೊಡಿಸಿದ್ದರು. ಬ್ರೇಕಿನ ಔಟರಿನೊಳಗೆ ತಂತಿಯು ಸುರುಳಿಯಾಗಿರುತ್ತದೆ, ಎಳೆದಾಗ ಅದು ಸ್ವಲ್ಪ ಕುಗ್ಗುತ್ತದೆ. ಗೇರಿನ ಔಟರಿನಲ್ಲಿ ತಂತಿಗಳು ಉದ್ದಕ್ಕೂ ನೇರವಾಗಿ ಸಾಗುವುದರಿಂದ ಕುಗ್ಗುವುದಿಲ್ಲ. ಕತ್ತರಿಸಿದ ತುದಿ ನೋಡಿದರೆ ಯಾವುದು ಯಾವುದೆಂದು ಕೂಡಲೇ ತಿಳಿಯುತ್ತದೆ. ಇದಕ್ಕೆ ಪ್ರತಿಯಾಗಿ ಗೇರಿನ ಔಟರನ್ನು ಬ್ರೇಕಿಗೆ ಮಾತ್ರ ಎಂದೂ ಹಾಕಿಸಬೇಡಿ. ಜೋರಾಗಿ ಬ್ರೇಕ್ ಹಿಡಿದಾಗ ಅದು ಸಿಡಿದುಹೋಗಬಹುದು.

ಆದ್ದರಿಂದ ಅಂಗಡಿಯಲ್ಲಿ ‘ಗೇರ್ ಇನ್ನರ್, ಗೇರ್ ಔಟರ್’ ಎಂದು ಬಿಡಿಸಿ ಹೇಳಿ ಕೊಳ್ಳಿ. ಇನ್ನರ್, ಅಂದರೆ ಒಳಗಿನ ತಂತಿ, 1.2 ಮಿಲಿಮೀಟರಿನದು, ಔಟರ್ ಸಾಮಾನ್ಯವಾಗಿ 4 ಮಿಲಿಮೀಟರಿನದು. ಹಳೆಯ ತುಂಡಿನ ಅಳತೆಗೇ ಕತ್ತರಿಸಿ, ಚಪ್ಪಟೆಯಾದ ಒಳಪದರದ ಬಾಯಿಯನ್ನು ದಬ್ಬಣದಿಂದ ಬಿಡಿಸಿ, ತುದಿಗಳಿಗೆ ಕ್ಯಾಪ್ ತೊಡಿಸಲು ಮರೆಯಬೇಡಿ. ಚೈನು ಅತಿ ಚಿಕ್ಕ ಚಕ್ರದ ಮೇಲಿರುವಾಗ, ಶಿಫ್ಟರೂ ಅದೇ ಗೇರಿನಲ್ಲಿರುವಾಗ, ಕೇಬಲನ್ನು ಕೈಯಿಂದ ಎಳೆದು ಬೋಲ್ಟ್ ಬಿಗಿ ಮಾಡಿ. ಹೊಸ ಕೇಬಲ್ ಕೆಲವು ದಿನ ಓಡಿದ ಮೇಲೆ ಸ್ವಲ್ಪ ಸಡಿಲವಾಗುವುದು ಸಹಜ. ಆಗ ದೊಡ್ಡ ಚಕ್ರಕ್ಕೆ ಏರುವುದು ನಿಧಾನವಾದರೆ, ಡಿರೇಲರಿಗೆ ಕೇಬಲ್ ಸೇರುವ ಕಡೆ ಬೆರಳಿನಲ್ಲೇ ತಿರುಗುವ ಗುಂಡನೆಯ ಅಡ್ಜಸ್ಟರನ್ನು, ಸೈಕಲ್ಲಿನ ಹಿಂದಿನಿಂದ ನೋಡುವಂತೆ, ಗಡಿಯಾರದ ಮುಳ್ಳಿಗೆ ಎದುರಾಗಿ ಕಾಲು ಸುತ್ತು ತಿರುಗಿಸಿ ನೋಡಿ.

ಡಿರೇಲರಿನಲ್ಲಿರುವ ಎಚ್, ಎಲ್ ಎಂಬ ಎರಡು ಸ್ಕ್ರೂಗಳ ಮೇಲೆ ಎಲ್ಲರ ಕೈಯೂ ಮೊದಲು ಹೋಗುತ್ತದೆ, ಏಕೆಂದರೆ ಅವು ಕಣ್ಣಿಗೆ ಕಾಣುತ್ತವೆ. ಅವು ಎರಡು ಕೊನೆಗಳಲ್ಲಿರುವ ಬೇಲಿಗಳು ಮಾತ್ರ. ನಡುವಿನ ಗೇರುಗಳಿಗೂ ಅವಕ್ಕೂ ಸಂಬಂಧವಿಲ್ಲ. ತಿಳಿಯದೆ ಎಲ್ ಸ್ಕ್ರೂವನ್ನು ಸಡಿಲಿಸಿ ಏರಿನಲ್ಲಿ ತುಳಿದ ನಾನು ಡಿರೇಲರನ್ನು ಕಡ್ಡಿಗಳೊಳಗೆ ನುಗ್ಗಿಸಿ, ಮೂರು ಕಡ್ಡಿ ಮುರಿದುಕೊಂಡು, ಸೈಕಲ್ಲನ್ನು ತಳ್ಳಿಕೊಂಡು ಮನೆಗೆ ಬಂದಿದ್ದೇನೆ.

ಶಿಫ್ಟರಿನ ಸನ್ನೆ ಒತ್ತಿದಾಗ ಕ್ಲಿಕ್ಕೇ ಆಗದೆ ಸುಮ್ಮನೆ ಹೋಗಿ ಬರುತ್ತಿದ್ದರೆ ಅದು ಬೇರೆ ಕಥೆ: ಒಳಗಿನ ಹಳೆಯ ಗ್ರೀಸ್ ಅಂಟಾಗಿ, ಹಲ್ಲನ್ನು ಹಿಡಿಯಬೇಕಾದ ಪುಟ್ಟ ಕೊಕ್ಕೆ ಮೇಲೇಳುತ್ತಿಲ್ಲ. ಡಬ್ಲ್ಯುಡಿ-40 ಸ್ಪ್ರೇ ಧಾರಾಳವಾಗಿ ಹೊಡೆದು, ಹತ್ತಿಪ್ಪತ್ತು ಸಲ ಒತ್ತಿ, ಕೊಳೆ ಇಳಿದ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟರೆ ಹೆಚ್ಚಿನವು ಮತ್ತೆ ಜೀವ ಪಡೆಯುತ್ತವೆ.

ಏರಿನಲ್ಲಿ ‘ಜಿಗಿಯುತ್ತದೆ’ ಎಂದೂ ಬರೆದಿದ್ದೀರಿ. ಚೈನು ಪಕ್ಕದ ಚಕ್ರಕ್ಕೆ ಹೋಗುತ್ತಿದ್ದರೆ ಅದೂ ಕೇಬಲ್ಲಿನದೇ ಕಾಟ ಇರಬಹುದು. ಅದೇ ಚಕ್ರದ ಮೇಲೇ ಹಲ್ಲು ತಪ್ಪಿ ಪೆಡಲ್ ಧಡಕ್ಕನೆ ಮುಂದೆ ಬೀಳುತ್ತಿದ್ದರೆ ಚೈನನ್ನು ಅಳೆಯಿರಿ: ಹೊಸ ಚೈನಿನಲ್ಲಿ ಹನ್ನೆರಡು ಅಂಗುಲಕ್ಕೆ ಸರಿಯಾಗಿ ಒಂದು ಪಿನ್ನಿನ ನಡು ಬರುತ್ತದೆ, ಅದು ಅಂಗುಲದ ಹದಿನಾರನೇ ಒಂದು ಭಾಗ ಮುಂದೆ ಸರಿದಿದ್ದರೆ ಚೈನು ಬದಲಿಸಿ, ಎಂಟನೇ ಒಂದು ಭಾಗ ಸರಿದಿದ್ದರೆ ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಕೂಡ ಸವೆದಿರುತ್ತದೆ.

ಇಷ್ಟೆಲ್ಲ ಆದ ಮೇಲೂ ನಾಲ್ಕು ಗೇರು ಸರಿಹೋಗಿ ಮೂರು ಕೆಡುತ್ತಿದ್ದರೆ, ಡಿರೇಲರ್ ತೂಗಿರುವ ಹ್ಯಾಂಗರ್ ಒಳಕ್ಕೆ ಬಾಗಿದೆಯೇ ನೋಡಬೇಕು. ಸೈಕಲ್ಲು ಬಲಗಡೆಗೆ ಒಮ್ಮೆ ಬಿದ್ದರೂ ಸಾಕು. ಹಿಂದೆ ಕುಳಿತು, ಡಿರೇಲರಿನ ಎರಡು ಪುಟ್ಟ ಚಕ್ರಗಳೂ ಹಲ್ಲುಚಕ್ರವೂ ಕಾಣುವಂತೆ ಒಂದು ಫೋಟೊ ತೆಗೆದು ಹಾಕಿ, ನೋಡಿ ಹೇಳುತ್ತೇನೆ.