ಒಂದೇ ಎಂಆರ್‌ಐ ನೋಡಿ ಎಂಎಸ್ ಅಂದುಕೊಳ್ಳಬೇಡಿ

ಅಕ್ಕಾ, 13 ವರ್ಷದ ಮಗಳಿಗೆ ಒಂದು ಕಣ್ಣು ಮಂಜಾಗಿದೆ, ಎಂಆರ್‌ಐನಲ್ಲಿ ಬಿಳಿ ಚುಕ್ಕೆಗಳಿವೆ, ಇದು ಮಲ್ಟಿಪಲ್ ಸ್ಕ್ಲೆರೋಸಿಸ್ಸಾ (ಎಂಎಸ್, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಮಿದುಳು, ಬೆನ್ನುಹುರಿ, ಕಣ್ಣಿನ ನರದ ಮೇಲೆ ದಾಳಿ ಮಾಡುವ ಕಾಯಿಲೆ) ಅಂತ ಕೇಳಿದ್ದೀರಿ. ಇರಬಹುದು. ಆದರೆ ಮಕ್ಕಳಲ್ಲಿ ಹೀಗೇ ಕಾಣುವ ಬೇರೆ ಕಾಯಿಲೆಗಳೂ ಇವೆ ಅಲ್ವಾ, ಅದಕ್ಕೇ ರಕ್ತದಲ್ಲಿ ಎಂಒಜಿ ಮತ್ತು ಅಕ್ವಾಪೊರಿನ್-4 ಆಂಟಿಬಾಡಿ (ಎಂಎಸ್‌ನಂತೆಯೇ ಕಾಣುವ ಎರಡು ಬೇರೆ ಕಾಯಿಲೆಗಳ ಗುರುತು), ಬೆನ್ನಿಂದ ತೆಗೆಯುವ ನೀರಿನಲ್ಲಿ ಆಲಿಗೋಕ್ಲೋನಲ್ ಬ್ಯಾಂಡ್ (ಎಂಎಸ್‌ನಲ್ಲಿ ಹೆಚ್ಚಾಗಿ ಕಾಣುವ ಗುರುತು) ಪರೀಕ್ಷೆ ಆಗಿದೆಯಾ ಅಂತ ಡಾಕ್ಟರನ್ನು ಕೇಳಿ. ಇದು ಸುಮ್ನೆ ಖರ್ಚಲ್ಲ. ಎಂಎಸ್‌ಗೆ ಕೊಡುವ ಕೆಲವು ಔಷಧಿ ಅಕ್ವಾಪೊರಿನ್-4 ಆಂಟಿಬಾಡಿಯಿಂದ ಬರುವ ಕಾಯಿಲೆಯನ್ನು ಇನ್ನೂ ಜಾಸ್ತಿ ಮಾಡಿಬಿಡುತ್ತವೆ.

ಕಣ್ಣು ಮಂಜಾಗಿರುವುದಕ್ಕೆ ಸಾಮಾನ್ಯವಾಗಿ 3ರಿಂದ 5 ದಿನ ರಕ್ತನಾಳದ ಮೂಲಕ ಸ್ಟೀರಾಯ್ಡ್ ಡ್ರಿಪ್ ಹಾಕುತ್ತಾರೆ. ಅದು ಈ ಸಲದ ಊತ ಇಳಿಸುತ್ತದೆ, ಅಷ್ಟೇ. ಎಂಎಸ್ ಅಂತ ಖಚಿತವಾದರೆ ಮತ್ತೆ ಬರದಂತೆ ತಡೆಯಲು ಬೇರೆ ಔಷಧಿ ಬೇಕು, ಅದನ್ನು ತಡಮಾಡಬಾರದು. ಅಂಥ ಒಂದು ಔಷಧಿಯಾದ ಫಿಂಗೋಲಿಮೋಡ್ ಮಾತ್ರೆಗೆ 10 ವರ್ಷ ತುಂಬಿದ ಮಕ್ಕಳಿಗೂ ಅಮೆರಿಕದಲ್ಲಿ 2018ರಲ್ಲೇ ಒಪ್ಪಿಗೆ ಸಿಕ್ಕಿದೆ.

ಚಿಕ್ಕಬಳ್ಳಾಪುರದಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುವಾಗ ರಿಪೋರ್ಟ್ ಒಂದೇ ಸಾಲದು, ಎಂಆರ್‌ಐ ಸಿ.ಡಿ.ಯನ್ನೂ ತಪ್ಪದೆ ಒಯ್ಯಿರಿ.