ಮಳೆಗಾಲ ಬಂದರೆ ಕಾಲ್ಬೆರಳ ಸಂದಿ ಕಡಿತ, ಜೊತೆಗೆ ಉಗುರು ಹಳದಿ. ಪೂರ್ತಿ ಹೋಗಲು ಏನು ಮಾಡಬೇಕು?

ಅಡಿಕೆ ತೋಟದ ಕೆಲಸ, ದಿನವಿಡೀ ಗಂಬೂಟು, ಕಿರುಬೆರಳ ಸಂದಿ ಬೆಳ್ಳಗೆ ನೆನೆದಂತಾಗಿ ಕಡಿತ, ಹೆಬ್ಬೆರಳಿನ ಉಗುರು ಹಳದಿಯಾಗಿ ದಪ್ಪಗಾಗಿದೆ ಎಂದು ಬರೆದಿದ್ದೀರಿ. ಮುಲಾಮು ಹಚ್ಚಿದರೆ ಹೋಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ ಅಂತಲೂ ಹೇಳಿದ್ದೀರಿ. ನಾನು ಮಲೆನಾಡಿನಲ್ಲೇ ಮೆಡಿಕಲ್ ಶಾಪ್ ನಡೆಸುತ್ತೇನೆ. ಮಳೆ ಹಿಡಿದರೆ ಸಾಕು, ಇದೇ ತೊಂದರೆ ಹೇಳಿಕೊಂಡು ಬರುವವರು ತುಂಬಾ ಜನ.

ಮೊದಲು ಆ ಮುಲಾಮಿನ ಟ್ಯೂಬನ್ನು ಬೆಳಕಿಗೆ ಹಿಡಿದು ಸಣ್ಣ ಅಕ್ಷರ ಓದಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಇವುಗಳಲ್ಲಿ ಯಾವ ಹೆಸರಿದ್ದರೂ ಅದರಲ್ಲಿ ಸ್ಟೀರಾಯ್ಡ್ ಇದೆ ಎಂದರ್ಥ. ಸ್ಟೀರಾಯ್ಡ್ ಕಡಿತವನ್ನು ಬೇಗ ನಿಲ್ಲಿಸುತ್ತದೆ, ಕೆಂಪು ಇಳಿಸುತ್ತದೆ. ಆದರೆ ಈ ಕಡಿತಕ್ಕೆ ಕಾರಣವಾದ ಫಂಗಸ್ (ಶಿಲೀಂಧ್ರ) ಅದರಿಂದ ಸಾಯುವುದಿಲ್ಲ. ಚರ್ಮದ ತಡೆಯುವ ಶಕ್ತಿ ಕುಗ್ಗಿರುವುದರಿಂದ ಅದು ಸದ್ದಿಲ್ಲದೆ ಹಬ್ಬುತ್ತದೆ. ವಾಸಿಯಾಯಿತು ಅಂತ ನೀವು ಹಚ್ಚುವುದು ಬಿಟ್ಟಾಗ ಮೊದಲಿಗಿಂತ ಜೋರಾಗಿ ಕಾಣಿಸಿಕೊಳ್ಳುತ್ತದೆ. ಪಕ್ಕದ ಮನೆಯವರಿಗೆ ಕೊಟ್ಟಿದ್ದನ್ನೇ ನನಗೂ ಕೊಡಿ ಅಂತ ಕೇಳುವವರಿಗೆ ನಾನು ಇಂಥ ಮುಲಾಮು ಕೊಡುವುದಿಲ್ಲ. ಕೋಪ ಮಾಡಿಕೊಂಡು ಹೋದರೂ ಸರಿ. ಮಾಮೂಲಿ ಔಷಧಿಗೆ ಬಗ್ಗದ ಫಂಗಸ್ ಈಗ ನಮ್ಮ ದೇಶದಲ್ಲಿ ಹಬ್ಬಿದೆ. ಫಂಗಸ್ ಔಷಧಿಗೆ ಸ್ಟೀರಾಯ್ಡ್ ಬೆರೆಸಿದ ಇಂಥ ಮುಲಾಮುಗಳನ್ನು ಬೇಕಾಬಿಟ್ಟಿ ಬಳಸಿದ್ದೂ ಅದಕ್ಕೆ ಒಂದು ಕಾರಣ ಅಂತ ಚರ್ಮದ ಡಾಕ್ಟರುಗಳು ಹೇಳುತ್ತಲೇ ಇದ್ದಾರೆ.

ಬೆರಳ ಸಂದಿಗೆ ಬೇಕಾಗಿರುವುದು ಫಂಗಸ್ ಔಷಧಿ ಒಂದೇ ಇರುವ ಮುಲಾಮು. ಟರ್ಬಿನಾಫಿನ್ 1% ಅಥವಾ ಕ್ಲೋಟ್ರಿಮಝೋಲ್ 1%. ಕಾಲು ತೊಳೆದು, ಸಂದಿಯನ್ನು ಬಟ್ಟೆಯಿಂದ ಒತ್ತಿ ಪೂರ್ತಿ ಒಣಗಿಸಿ, ತೆಳ್ಳಗೆ ಹಚ್ಚಿ. ಸುತ್ತಲಿನ ಚೆನ್ನಾಗಿರುವ ಚರ್ಮಕ್ಕೂ ಸ್ವಲ್ಪ ತಾಗಲಿ. ಕ್ಲೋಟ್ರಿಮಝೋಲ್ ಆದರೆ ಸುಮಾರು 4 ವಾರ ಬೇಕು, ಟರ್ಬಿನಾಫಿನ್‌ಗೆ ಅದಕ್ಕಿಂತ ಕಡಿಮೆ ಸಾಕು. ಕಡಿತ ನಿಂತ ದಿನವೇ ನಿಲ್ಲಿಸಬೇಡಿ. ಕೆಟ್ಟ ವಾಸನೆ, ಕೀವು ಇದ್ದರೆ ಬ್ಯಾಕ್ಟೀರಿಯಾವೂ ಸೇರಿಕೊಂಡಿರಬಹುದು, ಆಗ ಡಾಕ್ಟರಿಗೆ ತೋರಿಸಿ.

ಇನ್ನು ಉಗುರು. ನನ್ನ ಪ್ರಕಾರ ನಿಮ್ಮ ತೊಂದರೆಯ ಬೇರು ಇರುವುದು ಇಲ್ಲಿ. ಉಗುರಿನ ಅಡಿಯಲ್ಲಿ ಫಂಗಸ್ ಇದ್ದರೆ ಚರ್ಮಕ್ಕೆ ಹಚ್ಚುವ ಮುಲಾಮು ಅಲ್ಲಿಗೆ ಇಳಿಯುವುದೇ ಇಲ್ಲ. ನೀವು ಸಂದಿಯನ್ನು ವಾಸಿ ಮಾಡಿಕೊಳ್ಳುತ್ತೀರಿ, ಉಗುರಿನಿಂದ ಅದು ಮತ್ತೆ ಚರ್ಮಕ್ಕೆ ದಾಟುತ್ತದೆ.

ಹಾಗಂತ ಹಳದಿಯಾದ ಉಗುರೆಲ್ಲ ಫಂಗಸ್ ಅಲ್ಲ. ಕೆಟ್ಟು ದಪ್ಪಗಾದ ಉಗುರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಕಾರಣವೇ ಬೇರೆ. ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆ ಇರಬಹುದು. ಗಂಬೂಟಿನ ತುದಿಗೆ ದಿನವೂ ಒತ್ತಿ ಒತ್ತಿ ಉಗುರು ಕೆಟ್ಟಿರಲೂಬಹುದು. ಅದಕ್ಕೇ ಚರ್ಮದ ಡಾಕ್ಟರ್ ಉಗುರಿನ ಅಡಿಯ ಪುಡಿಯನ್ನು ಕೆರೆದು ಕೆಓಎಚ್ ಅನ್ನುವ ಪರೀಕ್ಷೆ ಮಾಡಿಸುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಫಂಗಸ್‌ನ ಎಳೆ ಕಾಣುತ್ತದೆ. ಆಗಲೇ ಔಷಧಿ ಹಚ್ಚುತ್ತಿದ್ದರೆ ಅದನ್ನು ಮೊದಲೇ ಹೇಳಿ, ಇಲ್ಲದಿದ್ದರೆ ಫಂಗಸ್ ಇದ್ದೂ ಕಾಣದೆ ಹೋಗಬಹುದು. ಪರೀಕ್ಷೆ ಇಲ್ಲದೆ ತಿಂಗಳುಗಟ್ಟಲೆ ಮಾತ್ರೆ ನುಂಗಬೇಡಿ.

ತುದಿಯಲ್ಲಿ ಸ್ವಲ್ಪ ಮಾತ್ರ ಇದ್ದರೆ ಅಮೊರೊಲ್ಫಿನ್ 5% ಅನ್ನುವ, ಉಗುರಿಗೇ ಹಚ್ಚುವ ಔಷಧಿ ಕೊಡುತ್ತಾರೆ. ಬುಡದವರೆಗೂ ಹೋಗಿದ್ದರೆ ಸಾಮಾನ್ಯವಾಗಿ ಟರ್ಬಿನಾಫಿನ್ 250 ಮಿ.ಗ್ರಾಂ. ಮಾತ್ರೆ, ದಿನಕ್ಕೊಂದರಂತೆ 12 ವಾರ. ಮೊದಲು ಲಿವರ್ ಪರೀಕ್ಷೆ ಮಾಡಿಸುತ್ತಾರೆ. ಕುಡಿಯುವ ಅಭ್ಯಾಸ ಇದ್ದರೆ ಮುಚ್ಚಿಡಬೇಡಿ. ಅದರ ಬದಲು ಇಟ್ರಾಕೊನಝೋಲ್ ಅನ್ನುವ ಫಂಗಸ್ ಔಷಧಿ ಬರೆದರೆ, ನಿಮಗೆ ಹೃದಯದ ತೊಂದರೆ ಇದ್ದರೆ ಅಥವಾ ಕೊಲೆಸ್ಟ್ರಾಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ.

ಹನ್ನೆರಡು ವಾರ ಮುಗಿದಾಗಲೂ ಉಗುರು ಹಳದಿಯಾಗೇ ಇರುತ್ತದೆ. ಬಹಳ ಜನ ಇಲ್ಲೇ ಬೇಸತ್ತು ಕೈಬಿಡುತ್ತಾರೆ. ಕೆಟ್ಟ ಉಗುರು ಸರಿಯಾಗುವುದಿಲ್ಲ, ಬೆಳೆದು ಆಚೆ ಹೋಗಬೇಕು. ಅಡಿಕೆ ಮರದಲ್ಲಿ ಸುಳಿ ಮೇಲೆ ಬರುತ್ತಾ ಹಳೇ ಸೋಗೆ ಉದುರುತ್ತದಲ್ಲ, ಹಾಗೆ. ಹೆಬ್ಬೆರಳಿನ ಉಗುರು ತಿಂಗಳಿಗೆ ಒಂದು, ಒಂದೂವರೆ ಮಿಲಿಮೀಟರ್ ಬೆಳೆದರೆ ಹೆಚ್ಚು. ಪೂರ್ತಿ ಬದಲಾಗಲು ಒಂದರಿಂದ ಒಂದೂವರೆ ವರ್ಷ ಬೇಕು. ನೀವು ನೋಡಬೇಕಾಗಿದ್ದು ಬುಡ. ಅಲ್ಲಿ ಚರ್ಮದ ಪಕ್ಕದಿಂದ ತೆಳ್ಳಗೆ, ನಸುಗೆಂಪಾಗಿ ಹೊಸ ಉಗುರು ಬರುತ್ತಿದ್ದರೆ ಔಷಧಿ ಕೆಲಸ ಮಾಡುತ್ತಿದೆ.

ಗಂಬೂಟು ಬಿಡಲಾಗದು, ಗೊತ್ತು. ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿ. ಸಂಜೆ ಒಳಗಿನ ನೀರು ಒರೆಸಿ, ಬಚ್ಚಲೊಲೆಯಿಂದ ಸ್ವಲ್ಪ ದೂರದಲ್ಲಿ ತಲೆಕೆಳಗಾಗಿ ಇಡಿ. ಮಧ್ಯಾಹ್ನ ಊಟಕ್ಕೆ ಬಂದಾಗ ಸಾಕ್ಸ್ ಬದಲಿಸಿ, ಹಳೆಯದನ್ನು ಬಿಸಿನೀರಲ್ಲಿ ಒಗೆಯಿರಿ. ನೇಲ್ ಕಟರ್, ಟವೆಲ್ ಬೇರೆ ಇರಲಿ. ಬೆಳಿಗ್ಗೆ ಒಳಚಡ್ಡಿಗಿಂತ ಮೊದಲು ಸಾಕ್ಸ್ ಹಾಕಿಕೊಳ್ಳಿ, ಕಾಲಿನದು ತೊಡೆಸಂದಿಗೆ ಹೋಗುವುದು ತಪ್ಪುತ್ತದೆ.

ತೋಟಕ್ಕೆ ತಂದ ಮೈಲುತುತ್ತನ್ನು ಕೆಸರು ಹುಣ್ಣಿಗೆ ಹಚ್ಚುವವರಿದ್ದಾರೆ. ದಯವಿಟ್ಟು ಬೇಡ, ಒಡೆದ ಚರ್ಮ ಸುಟ್ಟುಹೋಗುತ್ತದೆ. ಮದರಂಗಿ ಎಲೆ ಅರೆದು ಹಚ್ಚಿದರೆ ತಂಪು ಅನ್ನಿಸಬಹುದು, ಅದರಿಂದ ಉಗುರು ವಾಸಿಯಾಗುವುದಿಲ್ಲ.

ನಿಮಗೆ ಶುಗರ್ ಇದೆಯೋ ಇಲ್ಲವೋ ಬರೆದಿಲ್ಲ. ಇದ್ದರೆ ಮನೆಯಲ್ಲಿ ಯಾವ ಪ್ರಯೋಗವೂ ಬೇಡ, ನೇರ ಡಾಕ್ಟರ ಹತ್ತಿರ ಹೋಗಿ. ಬೆರಳ ಸಂದಿಯ ಸಣ್ಣ ಸೀಳಿನಿಂದಲೇ ಸೋಂಕು ಒಳಗೆ ಇಳಿಯುತ್ತದೆ. ಶುಗರ್ ಇರಲಿ ಇಲ್ಲದಿರಲಿ, ಪಾದ ಕೆಂಪಾಗಿ ಊದಿ, ಮುಟ್ಟಿದರೆ ಬಿಸಿಯಾಗಿ, ಜ್ವರ ಬಂದರೆ ಆ ದಿನವೇ ಆಸ್ಪತ್ರೆಗೆ ಹೋಗಿ. ಬೆಳಿಗ್ಗೆ ನೋಡೋಣ ಅಂತ ಮಲಗಬೇಡಿ.