ಕಾಲೊನಿ ಬರಲಿಲ್ಲ ಅಂದರೆ ಕೆಲಸ ಮಾಡಿಲ್ಲ ಅಂತಲ್ಲ

ಬೆಂಗಳೂರಿನ ಲ್ಯಾಬ್‌ಗಳಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿರುವ ಹುಡುಗ ಹುಡುಗಿಯರು, ತಾವು ಕೆಲಸಕ್ಕೆ ಬಾರದವರು ಅನ್ನುವ ಸಂಕಟ ಹೊತ್ತು ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬರುತ್ತಲೇ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಅಂಥ ಒಬ್ಬರ ಕಥೆ ಇದು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ, ಅವರ ಒಪ್ಪಿಗೆಯೂ ಇದೆ.

ಎಂ.ಎಸ್ಸಿ. ಮುಗಿಸಿದ ಹುಡುಗಿ. ಕ್ಯಾಂಡಿಡಾ ಆಲ್ಬಿಕನ್ಸ್ ಅನ್ನುವ ಶಿಲೀಂಧ್ರದ ಕೋಶ ಹೇಗೆ ಎರಡಾಗುತ್ತದೆ ಅನ್ನುವುದು ಅವರ ಲ್ಯಾಬಿನ ವಿಷಯ. ಎಷ್ಟೋ ಜನರ ಬಾಯಿ, ಕರುಳಲ್ಲಿ ಇದು ಸುಮ್ನೆ ಇರುತ್ತದೆ, ಆದರೆ ಮೈಯಲ್ಲಿ ಶಕ್ತಿ ಕುಗ್ಗಿದವರ ರಕ್ತಕ್ಕಿಳಿದರೆ ಪ್ರಾಣಕ್ಕೇ ಕುತ್ತು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾಡಿದ 19 ಶಿಲೀಂಧ್ರಗಳ ಪಟ್ಟಿಯಲ್ಲಿ ಅತಿ ಗಂಭೀರ ಗುಂಪಿನಲ್ಲಿದೆ. "ಇಷ್ಟು ದೊಡ್ಡ ಕೆಲಸದಲ್ಲಿ ನಾನು ವೇಸ್ಟ್ ಮೇಡಂ" ಅಂದರು. ನಿದ್ದೆಯಿಲ್ಲ, ಊಟ ಸೇರುವುದಿಲ್ಲ. ಸಾಯುವ ಯೋಚನೆ ಬರುತ್ತಾ ಅಂತ ಮೊದಲೇ ನೇರವಾಗಿ ಕೇಳಿದೆ, ಇರಲಿಲ್ಲ. ಅಂಥ ಯೋಚನೆ ಇರುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಒಂದು ದಿನ, ನಿಮ್ಮ ಕೆಲಸ ನನಗೆ ಅರ್ಥವಾಗುವ ಹಾಗೆ ಹೇಳಿ ಅಂದೆ. ಈ ಶಿಲೀಂಧ್ರದಲ್ಲಿ ಪ್ರತಿ ಜೀನ್‌ಗೂ ಎರಡು ಪ್ರತಿ. ಅವರು ನೋಡುತ್ತಿದ್ದ ಜೀನಿನ ಮೊದಲನೆಯ ಪ್ರತಿ ತೆಗೆದರೆ ಕಾಲೊನಿ, ಅಂದರೆ ಕೋಶಗಳು ಬೆಳೆದು ಪ್ಲೇಟಿನ ಮೇಲೆ ಕಾಣುವ ಚುಕ್ಕಿ, ಬಂತು; ಎರಡನೆಯದಕ್ಕೆ ಕೈ ಹಾಕಿದಾಗಲೆಲ್ಲ ಪ್ಲೇಟ್ ಖಾಲಿ. ಕೈತಪ್ಪೇನೋ ಅಂತ ಅದೇ ದಿನ ಬೇರೊಂದು ಜೀನ್ ತೆಗೆದು ನೋಡಿದ್ದರು, ಅಲ್ಲಿ ಕಾಲೊನಿ ಬಂದಿತ್ತು. ಆಮೇಲೆ ಉಳಿದ ಒಂದು ಪ್ರತಿಯನ್ನು ಬೇಕೆಂದಾಗ ಆಫ್ ಮಾಡುವ ಹಾಗೆ ಮಾಡಿ ಮೈಕ್ರೋಸ್ಕೋಪಲ್ಲಿ ನೋಡಿದರೆ, ತಾಯಿಕೋಶದಿಂದ ಹೊಸ ಕೋಶವಾಗಿ ಹೊರಡುವ ಮೊಗ್ಗು ದೊಡ್ಡದಾಗಿದೆ, ನ್ಯೂಕ್ಲಿಯಸ್ ಮಾತ್ರ ಹಂಚಿಕೆಯಾಗದೆ ನಿಂತುಬಿಟ್ಟಿದೆ. ಆ ಜೀನ್ ಇಲ್ಲದೆ ಕೋಶ ಎರಡಾಗುವುದೇ ಇಲ್ಲ, ಖಾಲಿ ಪ್ಲೇಟ್ ಹೇಳುತ್ತಿದ್ದದ್ದೂ ಇದನ್ನೇ. ಇದನ್ನೆಲ್ಲ ಹೇಳುವಾಗ ಅವರ ದನಿಯಲ್ಲಿ ಒಂದಿಷ್ಟೂ ಅನುಮಾನ ಇರಲಿಲ್ಲ.

"ಮತ್ತೆ ವೇಸ್ಟ್ ಅಂತ ಯಾಕನ್ನಿಸಿತು?" ಅಂದೆ. ತುಂಬಾ ಹೊತ್ತಿನ ಮೇಲೆ, "ಮೀಟಿಂಗಲ್ಲಿ ಇದನ್ನು ತೋರಿಸಿದ್ದು ಸೀನಿಯರ್, ನನ್ನ ಹೆಸರೇ ಬರಲಿಲ್ಲ" ಅಂತ ಅತ್ತರು. ಅಲ್ಲಿಯವರೆಗೆ ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟೇ. ಈ ತಿಂಗಳು ಕೆಲಸ ಬಿಡುವ ತೀರ್ಮಾನ ಬೇಡ. ಯಾವ ಪ್ರಯೋಗ ಯಾವ ತಾರೀಕು ಮಾಡಿದಿರಿ ಅಂತ ಲ್ಯಾಬ್ ನೋಟ್‌ಬುಕ್ ನೋಡಿ ಬರೆಯಿರಿ. ಗೈಡ್‌ಗೆ ಇಮೇಲ್ ಮಾಡಿ: ಸಂಶೋಧನಾ ಪೇಪರಲ್ಲಿ ನನ್ನ ಹೆಸರು ಇರುತ್ತಾ, ಕಾಂಟ್ರಾಕ್ಟ್ ಮುಂದುವರಿಯುತ್ತಾ, ನೆಟ್ ಪರೀಕ್ಷೆಗೆ (ಸಂಶೋಧನೆ, ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆ) ಓದಲು ರಜೆ ಸಿಗುತ್ತಾ. ಬಾಯಿಮಾತು ಬೇಡ ಅಂತ ಒತ್ತಿ ಹೇಳಿದೆ, ಯಾಕಂದರೆ ಹೆದರಿದವರು ಎದುರಿಗೆ ನಿಂತಾಗ "ಪರವಾಗಿಲ್ಲ ಸರ್" ಅಂದು ಬಂದುಬಿಡುತ್ತಾರೆ.

ಇದು ಆಪ್ತಸಲಹೆ ಅಲ್ಲ, ಕೆರಿಯರ್ ಗೈಡೆನ್ಸ್ ಅಂತ ನನ್ನ ವೃತ್ತಿಯವರೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಉಸಿರಾಟದ ಅಭ್ಯಾಸ ನಾನೂ ಹೇಳಿಕೊಟ್ಟೆ, ನಿದ್ದೆಗೆ ಸ್ವಲ್ಪ ಸಹಾಯವಾಯಿತು. ಆದರೆ ನಿದ್ದೆ ಕೆಡಿಸಿದ್ದು ಅವರ ಮನಸ್ಸಿನ ದೌರ್ಬಲ್ಯ ಅಲ್ಲ. ಅನ್ಯಾಯ ನಡೆದ ಕಡೆ ಬರೀ ಸಮಾಧಾನ ಹೇಳಿ ಕಳಿಸಿದರೆ, ತಪ್ಪು ನಿನ್ನದೇ ಅಂದ ಹಾಗಾಗುತ್ತೆ ಅಲ್ವಾ?

ಗೈಡ್ ಉತ್ತರ ತಡವಾಗಿ ಬಂತು. ಹೆಸರು ಇರುತ್ತದೆ, ಮೊದಲನೆಯದಾಗಿ ಅಲ್ಲ. ಕಾಂಟ್ರಾಕ್ಟ್ ಮುಂದುವರಿಯುತ್ತದೆ. ರಜೆಯ ಬಗ್ಗೆ ಏನೂ ಬರೆದಿಲ್ಲ, ಅದನ್ನು ಇನ್ನೊಮ್ಮೆ ಕೇಳಲು ಹೇಳಿದ್ದೇನೆ.